ಖಾರದ ಕೈ

ಒಣಮೆಣಸಿನಕಾಯಿಯ ಘಾಟು ಬಡಿದರೆ ಜನ ಮೂಗು ಮುಚ್ಚಿಕೊಂಡು ದಾಟುತ್ತಾರೆ. ನಾನು ನಿಂತು ಉಸಿರೆಳೆದುಕೊಳ್ಳುತ್ತೇನೆ; ಸೀನು ಬಂದರೆ ಬರಲಿ. ಆ ಘಾಟಿನೊಳಗೆ ಬ್ಯಾಡಗಿಯ ನಮ್ಮ ಮನೆಯಿದೆ, ಪಡಸಾಲೆ ತುಂಬ ಕೆಂಪಗೆ ಹರವಿದ ಕಾಯಿಯಿದೆ, ಅದರ ನಡುವೆ ಕಾಲು ಚಾಚಿ ಕೂತು ತೊಟ್ಟು ಬಿಡಿಸುವ ನಮ್ಮ ಆಯಿ, ಅಪ್ಪನ ತಾಯಿ, ಇದ್ದಾಳೆ. ಹೈಸ್ಕೂಲಿನ ಖೋಖೋ ತಂಡದ ನಾವು ಹುಡುಗಿಯರೆಲ್ಲ ಸಂಜೆ ಅವಳ ಸುತ್ತ ಕೂತು ತೊಟ್ಟು ಮುರಿಯುತ್ತಿದ್ದೆವು. ಅವಳು ಕಲಿಸಿದ ಮೊದಲ ಪಾಠ ಇಷ್ಟೇ: ಬೆವರು ಬಂದರೆ ಅಂಗೈ ಮುಖಕ್ಕೆ ಹೋಗಕೂಡದು, ಭುಜಕ್ಕೆ ಒರೆಸಿಕೊಳ್ಳಬೇಕು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿರಬೇಕು. ಮೋಟೆಬೆನ್ನೂರಿನಿಂದ ದಿನಾ ಬಸ್ಸಿನಲ್ಲಿ ಶಾಲೆಗೆ ಬರುತ್ತಿದ್ದ ನಮ್ಮ ತಂಡದ ರೇಣುಕಾ ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕು ಒಂದು ಕಾಲು ಕಳೆದುಕೊಂಡಳು. ಅವಳಷ್ಟು ಚುರುಕು ನಮ್ಮಲ್ಲಿ ಯಾರೂ ಇರಲಿಲ್ಲ. ಕೃತಕ ಕಾಲು ಹಾಕಿಸದಿದ್ದರೆ ಬಸ್ಸು ಹತ್ತುವಂತಿಲ್ಲ, ಬಸ್ಸು ಹತ್ತದಿದ್ದರೆ ಶಾಲೆಯಿಲ್ಲ. ಪೇಟೆಯಲ್ಲಿ ಅವಳಿಗಾಗಿ ಚಂದಾಪಟ್ಟಿ ಎತ್ತುತ್ತೇವೆ ಎಂದದ್ದಕ್ಕೆ ಮೆಣಸಿನಕಾಯಿ ವ್ಯಾಪಾರದ ನಮ್ಮ ಕಾಕಾ, ಅಪ್ಪನ ತಮ್ಮ, ಸಿಡಿದೆದ್ದ.

“ಹೆಣ್ಣುಹುಡುಗ್ಯಾರು ಅಂಗಡಿ ಅಂಗಡಿಗೆ ಹೋಗಿ ಕೈ ಒಡ್ಡೂದಾ? ಮನಿ ಮರ್ಯಾದಿ ಏನಾಗಬೇಕು?”

ಆಯಿ ತೊಟ್ಟು ಮುರಿಯುವುದನ್ನು ನಿಲ್ಲಿಸಲಿಲ್ಲ. “ಖರೇ ಐತಿ. ಬೇಡಬ್ಯಾಡ್ರವಾ. ಆಡಿ ಗೆದ್ದು ತಗೋರಿ.”

ಪಂದ್ಯ ಹುಟ್ಟಿದ್ದು ಹಾಗೆ. ಪೇಟೆಯ ಗಂಡಸರು ಒಬ್ಬೊಬ್ಬರಾಗಿ ಬಂದು, ಎರಡು ಕಂಬಗಳ ನಡುವೆ ನಮ್ಮಲ್ಲೊಬ್ಬಳನ್ನು ಅಟ್ಟಿಸಿಕೊಂಡು ಹೋಗಿ ಮುಟ್ಟಬೇಕು. ಮುಟ್ಟಿದರೆ ಅವರ ಕಾಯಿಯ ತೊಟ್ಟು ಪುಕ್ಕಟೆ ಬಿಡಿಸಿಕೊಡುತ್ತೇವೆ. ಸೀಟಿ ಊದುವವರೆಗೂ ಸಿಗದಿದ್ದರೆ ಪಣದ ರೊಕ್ಕ ರೇಣುಕಾಳ ಕಾಲಿಗೆ. ಪೇಟೆ ಮುಗಿಸಿ ನೆಟ್ಟಗೆ ಮೈದಾನಕ್ಕೇ ಬಂದರು, ಹಮಾಲರು, ದಲಾಲರು, ಎಲ್ಲರೂ ನಮ್ಮನ್ನು ನೋಡಿ ನಗುತ್ತ. ಸುಳ್ಳು ಹೇಳುವುದಿಲ್ಲ, ಕೆಲವರು ಮುಟ್ಟಿಯೇಬಿಟ್ಟರು. ಉಳಿದವರ ನಗು ಏದುಸಿರಾಯಿತು. ಕೊನೆಗೆ ಕಾಕಾ ಧೋತರ ಎತ್ತಿ ಕಟ್ಟಿ ಇಳಿದ, ಎದುರಿಗೆ ನಾನು. ನನ್ನನ್ನು ಕಂಬದ ಬಳಿಗೆ ಅಟ್ಟಿ, ಇನ್ನೇನು ಮುಟ್ಟಬೇಕು, ಕಣ್ಣಿಗಿಳಿದ ಬೆವರನ್ನು ಅಂಗೈಯಿಂದ ಉಜ್ಜಿಕೊಂಡ. ಬೆಳಗಿನಿಂದ ಚೀಲ ಚೀಲಕ್ಕೆ ತೂರಿ ಕಾಯಿ ಮುರಿದು ನೋಡಿದ ಅಂಗೈ! “ಯಪ್ಪಾ, ಸತ್ನಲೇ!” ಎಂದು ಕೂತೇಬಿಟ್ಟ. ನಾನು ಭುಜಕ್ಕೆ ಮುಖ ಒರೆಸಿಕೊಂಡು ಅವನ ಸುತ್ತಲೇ ಒಂದು ಸುತ್ತು ಓಡಿದೆ. ಸೀಟಿ ಕೇಳಿಸಿತು.

ಇದು ಸೋಲಲ್ಲ ಎಂದು ಅವನ ಜೊತೆಯವರು ತಕರಾರು ತೆಗೆದರು. ಆಯಿ ಸೆರಗಿನ ತುದಿ ತೋಯಿಸಿ ಮಗನ ಕಣ್ಣೊರೆಸುತ್ತಿದ್ದಳು. ಕಾಕಾ ಆ ಕೆಂಗಣ್ಣಿನಲ್ಲೇ ಕಿಸೆ ಬರಿದು ಮಾಡಿ ನನ್ನ ಕೈಗಿಟ್ಟ. “ನಾ ಸೋತೇನಿ. ತಕರಾರು ಇದ್ದಾವ್ರು ರೊಕ್ಕ ಹಚ್ಚಿ ಇಳೀರಿ, ನೋಡೂಣು!”

ಆ ಮನೆ ಈಗಿಲ್ಲ. ಆ ಜಾಗದಲ್ಲಿ ಕೋಲ್ಡ್ ಸ್ಟೋರೇಜ್ ಎದ್ದಿದೆ. ಗೋಡೆಗೆ ಮೂಗು ಹಚ್ಚಿದರೂ ಘಾಟು ಬರುವುದಿಲ್ಲ. ಕಾಕಾ ಇಲ್ಲ, ಆಯಿಯೂ ಇಲ್ಲ. ಆದರೂ ಅಲ್ಲಿ ನಿಂತರೆ ನನಗೆ ಕಾಣುವುದು ಒಂದು ಬೆಳಗು. ತೊಟ್ಟು ಬಿಡಿಸುತ್ತಿದ್ದ ಆಯಿ ಹಾಗೇ ಎದ್ದು ನಮ್ಮೊಂದಿಗೆ ಬಸ್‌ಸ್ಟ್ಯಾಂಡಿಗೆ ಬಂದಿದ್ದಳು. ಮೋಟೆಬೆನ್ನೂರಿನ ಬಸ್ಸು ನಿಂತಿತು. ಇಳಿಸಿಕೊಳ್ಳಲು ಕಂಡಕ್ಟರ್ ಕೈ ಚಾಚಿದ.

“ಕೈ ತಗೀರಿ, ನಾ ಇಳೀತೇನಿ,” ಎಂದ ರೇಣುಕಾ ಹೊಸ ಕಾಲನ್ನೇ ಮೊದಲು ನೆಲಕ್ಕಿಟ್ಟಳು.

ಆಯಿಯ ಕಣ್ಣು ತುಂಬಿ ಬಂತು. ಅಂಗೈ ಮೇಲೆತ್ತಿದವಳು ತಡೆದು, ಭುಜಕ್ಕೆ ಒರೆಸಿಕೊಂಡಳು.