ಹೆಸರು ಬೇಡವೆಂದ ಸುಂಕಲಮ್ಮ

ಇನ್ನೂ ಮಸುಕು ಬೆಳಕು. ನಾಟಿಗೆ ಹೆಂಗಸರನ್ನು ಕರೆದೊಯ್ಯುವ ಟ್ರ್ಯಾಕ್ಟರ್ ಬರುವ ಮೊದಲೇ ಆಶಾ ಕಾರ್ಯಕರ್ತೆ ಮನೆ ಬಿಡುತ್ತಾರೆ. ಚೀಲದ ತಳದಲ್ಲಿ ಟಿ.ಬಿ. ಮಾತ್ರೆ, ಮೇಲೆ ಎಲೆ ಅಡಿಕೆ.

"ನೀವು ಹನುಮಪ್ಪನ ಗುಡಿ ಕಟ್ಟಿ ಮ್ಯಾಲ ಕುಂದ್ರಿ, ಅಜ್ಜಾರ. ನನ್ನ ಹಿಂದ ಬರಬ್ಯಾಡ್ರಿ. ಯಾರ ಮನಿಗೆ ಹೋಗ್ತೀನಿ ಅನ್ನೋದು ನಿಮಗೂ ಗೊತ್ತಾಗಬಾರ್ದು."

ಪತ್ರಿಕೆಗೆ ಬರೆಯಲು ಬಂದ ಮುದುಕ ನಾನು, ಕೂರುತ್ತೇನೆ. ಇದು ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ದಾರಿಯ ಒಂದು ಊರು. ಊರ ಹೆಸರು ಬರೆಯಕೂಡದೆಂದು ಅವರ ಷರತ್ತು. ತಮ್ಮ ಹೆಸರೂ ಬೇಡ. "ನಮ್ಮ ದೇವಿ ಸುಂಕಲಮ್ಮ ತಾಯಿ ಹೆಸರು ಹಾಕ್ರಿ. ಆಕಿ ಎಲ್ಲಾ ಊರಾಗೂ ಅದಾಳ."

ಹೋದ ವರ್ಷ ಖಾಸಗಿ ಲ್ಯಾಬೊಂದು ಇಲ್ಲಿ ಉಚಿತ ತಪಾಸಣೆ ಶಿಬಿರ ನಡೆಸಿತು. ಆ್ಯಪಿಗೆ ಫೋನ್ ನಂಬರ್ ಬೇಕೆಂದರು. ಸ್ವಂತ ಫೋನಿಲ್ಲದ ಕೂಲಿ ಹೆಂಗಸರು ರೂಢಿಯಂತೆ ಮೇಸ್ತ್ರಿ ಭರಮಣ್ಣನ ನಂಬರ್ ಕೊಟ್ಟರು. ಕೆಲಸದ ಕರೆ, ಹೆರಿಗೆಯ ಸುದ್ದಿ, ಸಾವಿನ ಸುದ್ದಿ ಎಲ್ಲ ಅದಕ್ಕೇ ಬರುವುದು. 'ಒಪ್ಪಿಗೆ' ಎಂಬ ಗುಂಡಿಯನ್ನು ಲ್ಯಾಬಿನವರೇ ಒತ್ತಿದರು. ಹೀಗೆ ಆ ಹೆಂಗಸರಲ್ಲೊಬ್ಬಳಾದ ಊರಮ್ಮನಿಗೆ ಟಿ.ಬಿ. ಇದೆಯೆಂಬುದು ಅವಳಿಗಿಂತ ಮೊದಲು ಮೇಸ್ತ್ರಿಗೆ ತಿಳಿಯಿತು. ತುಂಬಿದ ಟ್ರ್ಯಾಕ್ಟರಿನಲ್ಲಿ ಅವನು ಫೋನಿಗೆ ಬಂದ ವರದಿಯನ್ನು ಗಟ್ಟಿಯಾಗಿ ಓದಿದ.

"ನಾನೇನ್ ಕೆಟ್ಟದ್ದು ಮಾಡೀನ್ರಿ? ಬಂದಿದ್ದು ಓದಿದೆ," ಎಂದು ಈಗಲೂ ವಾದಿಸುತ್ತಾನೆ.

ಊರಮ್ಮನ ಪಕ್ಕ ಯಾರೂ ಕೂರಲಿಲ್ಲ. ಕೆಲಸದ ಕರೆ ನಿಂತಿತು. ನಾಚಿಕೆಗೆ ಅವಳು ಆಸ್ಪತ್ರೆಯ ದಾರಿ ಬಿಟ್ಟಳು, ಮಾತ್ರೆ ಬಿಟ್ಟಳು, ಕಾರ್ತಿಕದಲ್ಲಿ ತೀರಿಕೊಂಡಳು. ಕಾಯಿಲೆಯಿಂದ ಸತ್ತಳೆಂದು ದಾಖಲಾಗಿದೆ. ನಾನು ಹಾಗೆ ಬರೆಯಲಾರೆ. ಊರಮ್ಮ ಎಂಬುದೂ, ಭರಮಣ್ಣ ಎಂಬುದೂ ಬದಲಿಸಿದ ಹೆಸರುಗಳು.

ವೈಯಕ್ತಿಕ ಮಾಹಿತಿಯ ರಕ್ಷಣೆಗೆ ದೇಶದಲ್ಲಿ ಕಾನೂನಾಗಿದೆ. ತಿಳಿದು ಕೊಟ್ಟದ್ದೇ ಒಪ್ಪಿಗೆ, ಅದನ್ನು ಹಿಂಪಡೆಯಲೂ ಬಹುದು ಎನ್ನುತ್ತದೆ. ಲ್ಯಾಬಿಗೆ ಹೋಗಿ ಕೇಳಿದರೆ, "ಒಪ್ಪಿಗೆ ನಮ್ಮ ಸಿಸ್ಟಮ್ಮಿನಲ್ಲಿದೆ ಸಾರ್," ಎಂದರು. ಸತ್ತವಳ ಒಪ್ಪಿಗೆ ಇನ್ನೂ ಬದುಕಿದೆಯಂತೆ! ನನ್ನ ಹೆಂಡತಿ ತೀರಿಕೊಂಡ ಮೇಲೆ ಅವಳ ಶಿವಗಣಾರಾಧನೆಯ ದಿನ ಅವಳ ಹೆಸರು ಹಿಡಿದು ಸಕ್ಕರೆ ಕಾಯಿಲೆಯ ಔಷಧಿ ಮಾರಲು ಒಬ್ಬ ಕರೆ ಮಾಡಿದ್ದ. ಅವಳ ಕಾಯಿಲೆಯನ್ನು ಅವನಿಗೆ ಮಾರಿದವರು ಯಾರು? ಶಿವನೇ, ಇವರಿಗೆ ಪಾಪದ ಭಯವೂ ಇಲ್ಲವೆ?

ಈಗ ಊರಿನಲ್ಲಿ ಇನ್ನೊಬ್ಬಾಕೆಗೆ ಅದೇ ಕಾಯಿಲೆ. ಮಾತ್ರೆ ತಪ್ಪದ ಕಾರಣ ಇನ್ನು ಆಕೆಯಿಂದ ಯಾರಿಗೂ ಸೋಂಕಿಲ್ಲ, ಕೆಲಸಕ್ಕೆ ಹೋಗಬಹುದೆಂದು ವೈದ್ಯರು ಹೇಳಿದ್ದಾರೆ. ಗುಟ್ಟು ಹೊರಬಿದ್ದರೆ ಆಕೆಯೂ ಮಾತ್ರೆ ಬಿಟ್ಟಾಳೆಂಬುದೇ ಸುಂಕಲಮ್ಮನ ಭಯ. ಮಾತ್ರೆ ಕೊಡುವ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕೆಂದು ಮೇಲ್ವಿಚಾರಕಿ ಗದರಿದ್ದರು: "ಎಲ್ಲಾರೂ ಹಾಕ್ತಾರ. ನಿನಗೇನು ಸೊಕ್ಕಾ?"

"ಮೊದಲು ನಿಮ್ಮ ಮಗಳ ರಿಪೋರ್ಟ್ ಹಾಕ್ರಿ ಮೇಡಂ, ಹಿಂದಿಂದ ಇವರದ್ದು ಹಾಕ್ತೀನಿ," ಅಂದೆ ಎಂದು ಸುಂಕಲಮ್ಮ ನಗುತ್ತಾರೆ. ಅಂದಿನಿಂದ ನೋಟಿಸಿನ ಬೆದರಿಕೆ ತಪ್ಪಿಲ್ಲ.

ಟ್ರ್ಯಾಕ್ಟರ್ ಬರುತ್ತದೆ. ಹೆಂಗಸರು ಒತ್ತೊತ್ತಾಗಿ ಹತ್ತುತ್ತಾರೆ. "ಸರಿಯಲೇ, ಇಬ್ಬರ ಜಾಗ ಹಿಡದೀ!" ಎಂದು ಒಬ್ಬಳು ಇನ್ನೊಬ್ಬಳ ತೊಡೆಗೆ ಹೊಡೆಯುತ್ತಾಳೆ. ಸುಂಕಲಮ್ಮ ಕಟ್ಟೆಗೆ ಬಂದು ನಿಲ್ಲುತ್ತಾರೆ.

"ಆಕಿನೂ ಅದರಾಗ ಅದಾಳ್ರಿ. ಯಾರಂತ ಗೊತ್ತಾತೇನು ಅಜ್ಜಾರ?"

"ಇಲ್ಲ ತಾಯಿ."

"ಹಂಗಾರ ನನ್ನ ಕೆಲಸ ಬರೋಬ್ಬರಿ ಆಗೇತಿ."