ಖಾಲಿ ಗಾಡಿಯ ಅಲೈನ್‌ಮೆಂಟ್

ನಮ್ಮನೆಯವರದು ಕಮ್ಮಿ ಮಾತು. ಊಟಕ್ಕೆ ಕೂತರೆ "ಉಪ್ಪು" ಅನ್ನುತ್ತಾರೆ, ಏಳುವಾಗ "ಸಾಕು" ಅನ್ನುತ್ತಾರೆ, ಅಲ್ಲಿಗೆ ಅವತ್ತಿನ ಕೋಟಾ ಮುಗಿಯಿತು. ಆದರೆ ಸ್ಟೀರಿಂಗ್ ಹಿಡಿದು ಕೂತರೆ ಮನುಷ್ಯನೇ ಬೇರೆ. ಆರ್‌ಪಿಸಿ ಲೇಔಟಿನ ನಮ್ಮ ಮನೆಯಿಂದ ರಾಜಾಜಿನಗರದ ನನ್ನ ಸ್ಕೂಲಿನವರೆಗೆ, ಪೀಣ್ಯದ ತಮ್ಮ ಫ್ಯಾಕ್ಟರಿಯ ಟೂಲ್ ರೂಮಿನಲ್ಲಿ ಹಿಂದಿನ ದಿನ ನಡೆದದ್ದೆಲ್ಲ ಒಂದೂ ಬಿಡದೆ ಹೇಳುತ್ತಾರೆ. ಯಾವ ಮಷೀನು ಮುನಿಸಿಕೊಂಡಿತು, ಹೊಸ ಮ್ಯಾನೇಜರ್ ಡ್ರಾಯಿಂಗನ್ನು ಹೇಗೆ ತಲೆಕೆಳಗಾಗಿ ಹಿಡಿದುಕೊಂಡಿದ್ದ, ಎಲ್ಲ. ಸ್ಟಾಫ್ ರೂಮಿನಲ್ಲಿ ಮಿಕ್ಕವರು ಟ್ರಾಫಿಕ್ಕಿಗೆ ಶಾಪ ಹಾಕುವಾಗ ನಾನೂ ತಲೆ ಆಡಿಸುತ್ತಿದ್ದೆ. ಟ್ರಾಫಿಕ್ ಜಾಸ್ತಿ ಇದ್ದಷ್ಟೂ ನನಗೆ ಖುಷಿ ಅಂತ ಹೇಳಿದರೆ ಹುಚ್ಚಿ ಅಂದುಕೊಳ್ಳುತ್ತಿದ್ದರು.

ಆ ಕಾರನ್ನು ಇವರು ಸೆಕೆಂಡ್ ಹ್ಯಾಂಡಿನಲ್ಲಿ ತಂದು ಆರು ತಿಂಗಳೊಳಗೆ ತಗ್ಗಿಸಿದರು. ಐವತ್ತು ದಾಟಿದೆ, ಅರ್ಧ ತಲೆ ಬೆಳ್ಳಗಾಗಿದೆ, ಕಾಲೇಜು ಹುಡುಗರ ಹಾಗೆ ಗಾಡಿಯನ್ನು ನೆಲಕ್ಕೆ ಅಂಟಿಸಿ ನಿಲ್ಲಿಸಿದ್ದಾರೆ. "ಸ್ಪ್ರಿಂಗ್ ಕತ್ತರಿಸಿಲ್ಲ ಕಣೇ, ಅದಕ್ಕೇ ಅಂತ ಬೇರೆ ಸ್ಪ್ರಿಂಗ್ ತರಿಸಿ ಹಾಕಿರೋದು," ಅಂತ ನನಗೆ ಹತ್ತು ಸಲ ಹೇಳಿದ್ದಾರೆ. ಅದೇನೋ ದೊಡ್ಡ ವ್ಯತ್ಯಾಸವಂತೆ. ನನಗೆ ಗೊತ್ತಿದ್ದದ್ದು ಇಷ್ಟೇ: ದೊಡ್ಡ ಹಂಪ್ ಬಂದರೆ ಇಬ್ಬರ ತೂಕಕ್ಕೆ ತಳ ಉಜ್ಜುತ್ತದೆ, ಆಗ ನಾನು ಇಳಿಯಬೇಕು. ಇವರು ಗಾಡಿಯನ್ನು ಓರೆ ಮಾಡಿ ಇಷ್ಟಿಷ್ಟೇ ದಾಟಿಸುತ್ತಾರೆ, ನಾನು ನಡೆದು ಆಚೆ ಹೋಗಿ ಮತ್ತೆ ಹತ್ತಬೇಕು. ಹತ್ತಬೇಕು ಅನ್ನುವುದೂ ತಪ್ಪು. ಅಷ್ಟು ತಗ್ಗಿನ ಸೀಟಿಗೆ ಯಾರೂ ಹತ್ತುವುದಿಲ್ಲ, ಸೊಂಟ ಹಿಡಿದುಕೊಂಡು ಬಾವಿಗೆ ಇಳಿದ ಹಾಗೆ ಇಳಿಯುತ್ತಾರೆ.

ಒಂದು ಸಲ ಕೆಂಗೇರಿ ಕಡೆ ಮದುವೆಗೆ ಹೊರಟಿದ್ದೆವು. ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದಿದ್ದೆ. ಛತ್ರ ಕಣ್ಣಿಗೆ ಕಾಣುತ್ತಿದೆ ಅನ್ನುವಾಗ ಹಂಪ್ ಬಂತು. "ಸ್ವಲ್ಪ ಇಳ್ಕೊಳೇ," ಅಂದರು. ಇಳಿದೆ. ನೆರಿಗೆ ಎತ್ತಿ ಹಿಡಿದು ನಡೆಯುತ್ತಿದ್ದಾಗ ಪಕ್ಕದಲ್ಲೊಂದು ಬೈಕ್ ನಿಂತಿತು. ನನ್ನ ಹತ್ತಿರ ಗಣಿತ ಕಲಿತ ಹಳೇ ವಿದ್ಯಾರ್ಥಿ.

"ಮಿಸ್, ಗಾಡಿ ಕೆಟ್ಟೋಯ್ತಾ? ತಳ್ಳಲಾ?"

"ಇಲ್ಲಪ್ಪ, ಚೆನ್ನಾಗೇ ಇದೆ."

"ಮತ್ತೆ ನೀವ್ಯಾಕೆ ಮಿಸ್ ನಡೀತಿದೀರ?"

ಇಪ್ಪತ್ತೈದು ವರ್ಷ ಮಕ್ಕಳ ಪ್ರಶ್ನೆಗೆ ಉತ್ತರ ಕೊಟ್ಟವಳು ನಾನು. ಅವತ್ತು ನೆರಿಗೆ ಇನ್ನಷ್ಟು ಎತ್ತಿ ಹಿಡಿದು ಬಿರಬಿರನೆ ನಡೆದುಬಿಟ್ಟೆ. ಊಟ ಮುಗಿಸಿ ಛತ್ರದಿಂದ ಹೊರಗೆ ಬಂದವಳೇ ಆಟೋ ಕರೆದೆ. "ಇನ್ನು ನಾನು ಆ ಕಾರಲ್ಲಿ ಕೂರಲ್ಲ ರೀ. ನೀವು, ನಿಮ್ಮ ಗಾಡಿ, ಸುಖವಾಗಿರಿ," ಅಂದೆ.

ಮಾರನೆಯ ದಿನದಿಂದ ನಾನು ನನ್ನ ಹಳೇ ಸ್ಕೂಟರಿನಲ್ಲಿ ಸ್ಕೂಲಿಗೆ ಹೊರಟೆ. ನಾಲ್ಕು ತಿಂಗಳು ಹಾಗೇ ನಡೆಯಿತು. ಜಗಳ ಅಂತ ಏನೂ ಇರಲಿಲ್ಲ. ಆದರೆ ಇವರು ಮಾತಾಡುತ್ತಿದ್ದ ಒಂದೇ ಜಾಗವನ್ನು ನಾನೇ ಮುಚ್ಚಿಬಿಟ್ಟಿದ್ದೆ. ಮ್ಯಾನೇಜರ್ ಏನಾದ, ಆ ಮಷೀನು ಸರಿಹೋಯಿತಾ, ನನಗೆ ಒಂದೂ ಗೊತ್ತಿಲ್ಲ. ಅಡುಗೆಮನೆಯಲ್ಲಿ ನಿಂತು ಕೇಳಿದರೆ "ಹ್ಞೂಂ, ನಡೀತಿದೆ" ಅನ್ನುವರು. ನನಗೆ ಅವರ ಮಾತು ಬೇಕಿತ್ತು. ಅವರೊಂದು ಹೊತ್ತಿಗೆ ನಾನೊಂದು ಹೊತ್ತಿಗೆ ಗೇಟು ತೆಗೆದುಕೊಂಡು ಹೊರಡುವುದೇ ಇನ್ನು ನಮ್ಮ ಸಂಸಾರವಾಗಿಬಿಡುತ್ತದೇನೋ ಅಂತ ಹೆದರಿಕೆಯೂ ಆಗುತ್ತಿತ್ತು. ಹಾಗಂತ ಬಾಯಿಬಿಟ್ಟು ಹೇಳುವವಳಲ್ಲ ನಾನು. ಹಠದಲ್ಲಿ ನಮ್ಮಮ್ಮನಿಗೆ ತಕ್ಕ ಮಗಳು.

ಈ ಮಧ್ಯೆ ಕಾರು ಎಡಕ್ಕೆ ಎಳೆಯಲು ಶುರುಮಾಡಿತ್ತಂತೆ, ನನಗೆ ಇದೆಲ್ಲ ಗೊತ್ತಾದದ್ದು ಆಮೇಲೆ. ಮುಂದಿನ ಟೈರುಗಳು ಹೊರಗಿನಿಂದ ಹೊಸದರ ಹಾಗೆ ಕಂಡರೂ ಒಳ ಅಂಚಿನಲ್ಲಿ ಸವೆದು ತಂತಿ ಕಾಣುತ್ತಿತ್ತು. ಗಾಡಿ ತಗ್ಗಿದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲುತ್ತದಂತೆ, ಅದಕ್ಕೆ ತಕ್ಕ ಹಾಗೆ ಚಕ್ರಗಳನ್ನು ನೆಟ್ಟಗೆ ಕೂರಿಸುವ ಅಲೈನ್‌ಮೆಂಟ್ ಮಾಡಿಸದಿದ್ದರೆ ಹೀಗೇ ಆಗುವುದಂತೆ. ಮಾಡಿಸಲು ಇವರು ಓಡಾಡದ ಕಡೆಯಿಲ್ಲ. ಲಗ್ಗೆರೆಯ ಒಂದು ಅಂಗಡಿಯಲ್ಲಿ ಕಾರಿನ ಮೂತಿ ತಾಗಿ ರ್ಯಾಂಪೇ ಹತ್ತಲಿಲ್ಲ. ಇನ್ನೊಂದು ಕಡೆ ಹಲಗೆ ಕೊಟ್ಟು ಹತ್ತಿಸಿ, ಕಂಪ್ಯೂಟರಿನಿಂದ ಎಲ್ಲ ಸರಿಯಿದೆ ಅಂತ ಹಸಿರು ಬಣ್ಣ ಬಂದ ಕಾಗದ ಕೊಟ್ಟು ಕಳಿಸಿದರು. ಕಾಗದ ನೆಟ್ಟಗಿತ್ತು, ಗಾಡಿ ಇರಲಿಲ್ಲ.

ಒಂದು ಶನಿವಾರ ಸಂಜೆ ಇವರು ಅಡುಗೆಮನೆ ಬಾಗಿಲಿಗೆ ಬಂದು ನಿಂತರು. "ನಾಳೆ ಒಂದು ಗಂಟೆ ಬಿಡುವಿದ್ಯಾ?"

"ಯಾಕೆ?"

"ಶ್ರೀಗಂಧದ ಕಾವಲಲ್ಲಿ ಒಬ್ಬ ಸಿಕ್ಕಿದಾನೆ. ರ್ಯಾಂಪಿಲ್ಲ, ನೆಲದಲ್ಲೇ ಗುಂಡಿ ತೆಗೆದು ಕೆಳಗಿಂದ ಮಾಡ್ತಾನೆ. ಖಾಲಿ ಗಾಡಿಗೆ ಅಲೈನ್‌ಮೆಂಟ್ ಮಾಡಿದ್ರೆ ಖಾಲಿ ಗಾಡಿನೇ ನೆಟ್ಟಗೆ ಹೋಗೋದು ಅಂತಾನೆ. ದಿನಾ ಕೂರೋರು ಕೂತಿರ್ಬೇಕಂತೆ. ಎಷ್ಟು ಜನ ಅಂತ ಕೇಳ್ದ." ಬಾಗಿಲ ಚಿಲಕ ಅಲ್ಲಾಡಿಸುತ್ತಾ, "ಇಬ್ರು ಅಂದೆ," ಅಂದರು.

ನಾಲ್ಕು ತಿಂಗಳಿಂದ ಒಬ್ಬರೇ ಓಡಾಡುತ್ತಿರುವ ಮನುಷ್ಯ. ನನ್ನ ಎದೆ ಒಂದು ಕ್ಷಣ ಕರಗಿತು, ಬಾಯಿ ಕರಗಲಿಲ್ಲ. "ಬರ್ತೀನಿ. ಆದ್ರೆ ಸ್ಕೂಟರಲ್ಲಿ," ಅಂದೆ.

ಹಾಗೇ ಹೋದೆವು. ಮಾಗಡಿ ರೋಡಿನಲ್ಲಿ ಇವರು ಮುಂದೆ, ನಾನು ಹಿಂದೆ. ಎಡಕ್ಕೆ ಸರಿಯುವ ಕಾರನ್ನು ಇವರು ಮತ್ತೆ ಮತ್ತೆ ಬಲಕ್ಕೆ ತಿದ್ದಿಕೊಳ್ಳುವುದು ಹಿಂದಿನಿಂದ ಚೆನ್ನಾಗಿ ಕಾಣುತ್ತಿತ್ತು. ಇಷ್ಟು ದಿನ ಇದರ ಜೊತೆ ಹೆಣಗಾಡಿದ್ದನ್ನು ನನಗೆ ಒಂದು ದಿನವೂ ಹೇಳಿರಲಿಲ್ಲ. ಪಾಪ ಅನ್ನಿಸಿತು.

ಅಲೈನ್‌ಮೆಂಟಿನವನು ಅರವತ್ತರ ಆಸುಪಾಸಿನ, ಖಾಕಿ ಅಂಗಿಯ ಮನುಷ್ಯ. ನಾನು ಸ್ಕೂಟರ್ ನಿಲ್ಲಿಸಿ ದೂರದಲ್ಲೇ ನಿಂತದ್ದನ್ನು ನೋಡಿದ. "ಮೇಡಂಗೆ ಕೂರಕ್ಕಾಗಲ್ಲ ಅಂದ್ರೆ ಮರಳಿನ ಚೀಲ ಹಾಕ್ತೀನಿ ಸಾರ್. ತೂಕ ಹೇಳಿ."

"ಐವತ್ತೆಂಟು," ಅಂದರು ಇವರು, ನನ್ನ ಮಾನ ಕಾಪಾಡಲು.

ಗಣಿತದವಳಿಗೆ ತಪ್ಪು ಲೆಕ್ಕ ಕೇಳಿಸಿಕೊಂಡು ಸುಮ್ಮನಿರಲು ಆಗುವುದಿಲ್ಲ. "ಅರವತ್ತಾರು," ಅಂದೆ.

"ಅಷ್ಟು ಮರಳು ನನ್ನತ್ರ ಇಲ್ಲ ಮೇಡಂ. ನೀವೇ ಬಂದು ಕೂತ್ಕೊಂಡ್ಬಿಡಿ."

ಕೂತೆ. ಸೊಂಟ ಹಿಡಿದುಕೊಂಡು, ಗೊಣಗಿಕೊಂಡು. ಕೆಳಗೆ ಗುಂಡಿಯಲ್ಲಿ ಅವನು ಸ್ಪ್ಯಾನರ್ ಹಿಡಿದು ಕೆಲಸ ಶುರುಮಾಡಿದ. "ಅಲುಗಾಡ್ಬೇಡಿ, ಇಳೀಬೇಡಿ," ಅಂತ ಇಬ್ಬರಿಗೂ ಅಪ್ಪಣೆಯಾಗಿತ್ತು. ಎಂಜಿನ್ ಆಫ್ ಆಗಿತ್ತು, ಸ್ಟೀರಿಂಗ್ ಅಲುಗದ ಹಾಗೆ ಕಟ್ಟಿದ್ದ. ಎದುರಿಗೆ ಗ್ರೀಸ್ ಮೆತ್ತಿದ ಗೋಡೆ ಬಿಟ್ಟು ನೋಡಲು ಏನೂ ಇರಲಿಲ್ಲ.

"ಆ ಮ್ಯಾನೇಜರ್ ಕೆಲಸ ಬಿಟ್ಟು ಹೋದ," ಅಂದರು ಇವರು.

"ಯಾವಾಗ?"

"ಎರಡು ತಿಂಗಳಾಯ್ತು." ಅಲ್ಲಿಂದ ಶುರುವಾಯಿತು ನೋಡಿ. ಮ್ಯಾನೇಜರ್ ಕಥೆ, ಹೊಸ ಮಷೀನಿನ ಕಥೆ, ಕ್ಯಾಂಟೀನಿನ ಸಾಂಬಾರ್ ನೀರಾದ ಕಥೆ. ನಾಲ್ಕು ತಿಂಗಳದು ಬಾಕಿ ಇತ್ತಲ್ಲ, ಒಂದೂ ಬಿಡಲಿಲ್ಲ. ಹೇಳುತ್ತಾ ಹೇಳುತ್ತಾ ದನಿ ತಗ್ಗಿತು. "ಮೂವತ್ತು ವರ್ಷ ಬೇರೆಯವರ ಡ್ರಾಯಿಂಗ್ ನೋಡಿ ಮಾಡಿದ್ದೇ ಆಯ್ತು ಕಣೇ. ಇದೊಂದನ್ನ ನನಗೆ ಬೇಕಾದ ಹಾಗೆ ಮಾಡ್ಕೊಂಡೆ. ಆದ್ರೆ ಅವತ್ತು ನಿನ್ನ ಇಳಿಸ್ಬಾರ್ದಿತ್ತು. ತಳ ಉಜ್ಜಿದ್ರೆ ಉಜ್ಜಲಿ ಅನ್ಬೇಕಿತ್ತು."

ನಾನು ಕಿಟಕಿ ಕಡೆ ತಿರುಗಿದೆ.

ಅಷ್ಟರಲ್ಲಿ ಕೆಳಗಿನಿಂದ ದನಿ ಬಂತು. "ಸಾರ್, ಒಂದು ಮಾತು. ಮೇಡಂ ಬೇರೆ ಗಾಡೀಲಿ ಬಂದ್ರು. ದಿನಾ ನೀವೊಬ್ರೇ ಹೋಗೋದಾದ್ರೆ ಒಬ್ರಿಗೇ ಸೆಟ್ ಮಾಡ್ಬಿಡ್ತೀನಿ, ಟೈರ್ ಬಾಳಿಕೆ ಬರುತ್ತೆ. ಇಷ್ಟು ತಗ್ಗಿನ ಗಾಡಿ ಇದು, ಇಬ್ರಿಗೆ ಮಾಡಿದ್ರೆ ಒಬ್ರೇ ಇದ್ದಾಗ ಸ್ವಲ್ಪ ಎಳೆಯುತ್ತೆ. ಆಮೇಲೆ ನನ್ನ ಬೈಬೇಡಿ. ಯಾವ್ದು ಮಾಡ್ಲಿ?"

ಇವರು ನನ್ನ ಕಡೆ ನೋಡಲಿಲ್ಲ. ನೋಡಿದರೆ ನನ್ನನ್ನು ಒತ್ತಾಯ ಮಾಡಿದ ಹಾಗಾಗುತ್ತದೆ ಅಂತ ನೋಡಲಿಲ್ಲ, ನನಗೆ ಗೊತ್ತು. ಕಟ್ಟಿಹಾಕಿದ ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಗೋಡೆಗೆ ಹೇಳಿದರು: "ಇಬ್ರಿಗೇ ಮಾಡಪ್ಪ. ನಾನೊಬ್ನೇ ಹೋಗುವಾಗ ಎಳೆದ್ರೆ ಎಳೀಲಿ."

ಕೆಲಸ ಮುಗಿಯಲು ಇನ್ನೂ ಅರ್ಧ ಗಂಟೆಯಿತ್ತು, ಗಾಡಿ ಗುಂಡಿಯ ಮೇಲೇ ನಿಂತಿತ್ತು. ನಾನು ಸೀಟ್ ಬೆಲ್ಟ್ ಎಳೆದು ಹಾಕಿಕೊಂಡೆ.