ಸೂಲಗಿತ್ತಿ ಅಡಿವೆವ್ವನ ಮೊಂಡುಗೋಡೆ

ಹಾನಗಲ್ಲಿನ ಸೂಲಗಿತ್ತಿ ಅಡಿವೆವ್ವನ ಮಾತು ಮೀರಿದವರು ಆ ಊರಲ್ಲಿ ಇರಲಿಲ್ಲ. ಏಳಬೇಡ ಎಂದರೆ ಏಳಕೂಡದು. ನೀರು ಬೇಡ ಎಂದರೆ ಅತ್ತೆಯಾದವಳೂ ತಂಬಿಗೆ ಮುಟ್ಟಕೂಡದು. ಬಾಣಂತಿಗೆ "ಇನ್ನ ಏಳು" ಎನ್ನುವವರೆಗೆ ಆಕೆಯೂ ಆ ಮನೆಗೆ ಹೋಗಿಬರುವುದನ್ನು ತಪ್ಪಿಸುತ್ತಿರಲಿಲ್ಲ. ದನದ ಕೊಟ್ಟಿಗೆಯಲ್ಲಿ, ಕಣಜದ ಸಂದಿಯಲ್ಲಿ ಊರ ಮಕ್ಕಳನ್ನೆಲ್ಲ ಎತ್ತಿದ ಆಕೆಗೆ ಇದ್ದದ್ದು ಒಂದೇ ಆಸೆ: ಮಗಳು ಹಾಲವ್ವ ಚೊಚ್ಚಲ ಹೆರಿಗೆಗೆ ಗಂಡನ ಮನೆ ಮಾಸೂರಿನಿಂದ ಬಂದಾಗ ಬೆಚ್ಚನೆಯ ಕೋಣೆಯೊಂದು ಇರಬೇಕು.

ಅದಕ್ಕೆಂದೇ ೧೯೪೨ರ ಬೇಸಿಗೆಯಲ್ಲಿ ಹಳೆಯ ಮನೆ ಕೆಡವಿಸಿ, ಗುತ್ತಿಗೆದಾರ ಕರಬಸಪ್ಪನಿಂದ ಕಾಗದ ಬರೆಸಿಕೊಂಡು ಕೆಲಸ ಒಪ್ಪಿಸಿದಳು. ತಾನು ಹಿತ್ತಲಲ್ಲಿ ಗುಡಿಸಲು ಹಾಕಿಕೊಂಡಳು. ಗೋಡೆಗಳು ಆಳೆತ್ತರ ಎದ್ದವು. ಅಷ್ಟರಲ್ಲಿ ಹುಬ್ಬಳ್ಳಿಯ ಕಡೆ ಯುದ್ಧದ ಸರಕಿಗೆ ಉಗ್ರಾಣ ಕಟ್ಟುವ ದೊಡ್ಡ ಕೆಲಸ ಸಿಕ್ಕಿ, ಕರಬಸಪ್ಪ ಆಳು, ಬುಟ್ಟಿ, ಸಲಿಕೆ ಸಮೇತ ಹೊರಟುಹೋದ.

ಅಡಿವೆವ್ವ ಒಯ್ದ ಕರಾರಿನ ಕಾಗದವನ್ನು ವಕೀಲ ಚನ್ನವೀರಪ್ಪನವರು ಓದಿದರು. "ಹಾದಿ ಅದಾವವ್ವ. ಮೊದಲ ನೋಟೀಸು ಕೊಡೂಣು. ಬರಲಿಲ್ಲಂದ್ರ ಉಳಿದ ಕೆಲಸ ಬ್ಯಾರೆಯವರ ಕಡಿಂದ ಮಾಡಿಸಿ, ಹೆಚ್ಚಾದ ಖರ್ಚಿಗೆ ಅವನ ಮ್ಯಾಲ ದಾವಾ ಹಾಕೂಣು. ಆದರ ಎಷ್ಟು ಕಟ್ಟ್ಯಾನ, ಎಷ್ಟು ಬಿಟ್ಟಾನ ಅನ್ನೂದಕ್ಕ ಪುರಾವೆ ಬೇಕು. ಅಲ್ಲೀತನಕ ಒಂದು ಕಲ್ಲೂ ಮುಟ್ಟಬ್ಯಾಡ."

"ಮುಟ್ಟೂದಿಲ್ರಿ."

ನೋಟೀಸಿಗೆ ಕರಬಸಪ್ಪ ಉತ್ತರಿಸಲಿಲ್ಲ. ಒಂದು ದಿನ ವಕೀಲರು ಕಳಿಸಿದ ಪಂಚರು ಬಂದು ಗೋಡೆ ಅಳೆದು ಪಂಚನಾಮೆ ಬರೆದರು. ಅಡಿವೆವ್ವ ಹೆಬ್ಬೆಟ್ಟು ಒತ್ತಿದಳು. ಕಾಗದ ಮಡಿಚಿಕೊಂಡು ಎಲ್ಲರೂ ಹೋದರು. ಇನ್ನು ಮುಟ್ಟಬಹುದು ಎಂದು ಆಕೆಗೆ ಯಾರೂ ಹೇಳಲಿಲ್ಲ.

ನೆರೆಮನೆಯ ಗೌಂಡಿ ಫಕ್ರುಸಾಬ ಹಾದುಹೋಗುವಾಗೆಲ್ಲ ಛೇಡಿಸುತ್ತಿದ್ದ. "ಅಡಿವೆಕ್ಕಾ, ನಿನ್ನ ಮನಿ ಟೊಪಗಿ ಕಳಕೊಂಡ ಪೋಲೀಸನಂಗ ನಿಂತೈತಿ. ನಾಕು ದಿನದಾಗ ಹಂಚು ಹೊಚ್ಚತೇನಿ."

"ವಕೀಲರು ಹೇಳೂತನಕ ಬ್ಯಾಡೋ ತಮ್ಮಾ."

"ಅವರೇನು ಹೆರಿಗಿ ಮಾಡಸ್ತಾರೇನ?"

"ಬಲ್ಲವರ ಮಾತು ಅರ್ಧ ಕೇಳಿದರ ಏನಾಕ್ಕೈತಿ ಅನ್ನೂದನ್ನ ನಾ ಕಂಡೇನಿ."

ತುಂಬಿದ ಬಸುರಿ ಹಾಲವ್ವ ಬಂದಳು. "ಅವ್ವಾ, ಒಂದು ಮೂಲಿಗ್ಯಾರ ತಗಡು ಹಾಕಸ ಬೇ."

"ಸುಮ್ನ ಕುಂಡ್ರು."

ಆರಿದ್ರಾ ಮಳೆ ಮೂರು ದಿನ ಬಿಡದೆ ಹೊಡೆಯಿತು. ಗುಡಿಸಲಿನ ನೆಲದಲ್ಲಿ ನೀರು ನಿಂತಿರುವಾಗಲೇ ಹೆರಿಗೆಯಾಯಿತು. ಹೆಣ್ಣುಮಗು. ಕುಳ್ಳು ನೆನೆದು ಬೆಂಕಿ ಹತ್ತಲಿಲ್ಲ. ಫಕ್ರುಸಾಬನ ಹೆಂಡತಿ ರಮಜಾನಬಿ ತಾಯಿ ಮಗುವನ್ನು ತನ್ನ ಪಡಸಾಲೆಗೆ ಸಾಗಿಸಿದಳು. ಅಷ್ಟರಲ್ಲಿ ಮಗುವಿನ ಎದೆಗೆ ಥಂಡಿ ಇಳಿದಿತ್ತು. ಮೂರನೆಯ ದಿನ ಮಗು ತೀರಿಕೊಂಡಿತು.

ಹದಿನೈದು ದಿನ ಕಳೆದು ಅಡಿವೆವ್ವ ವಕೀಲರ ಮನೆಗೆ ಹೋದಳು. "ಇನ್ನರ ಗ್ವಾಡಿ ಮುಟ್ಟಬಹುದೇನ್ರಿ?"

ಚನ್ನವೀರಪ್ಪನವರು ಕನ್ನಡಕ ತೆಗೆದರು. "ಪಂಚನಾಮೆ ಆದ ಮರುದಿನಾನ ಮುಟ್ಟಬಹುದಿತ್ತಲ್ಲವ್ವ!"

ಆಕೆ ಬೈಯಲಿಲ್ಲ. "ನಾ 'ಏಳು' ಅನ್ನೂತನಕ ಬಾಣಂತಿ ಕೈ ಬಿಡಂಗಿಲ್ರಿ," ಎಂದಳು.

ಫಕ್ರುಸಾಬ ಹಂಚು ಹೊಚ್ಚಿದ. ಮುಂದೆ ಅಡಿವೆವ್ವ ದಾವೆಯನ್ನೂ ಗೆದ್ದಳು. ಕೋಣೆ ಬೆಚ್ಚಗಿತ್ತು.

ಎರಡು ವರ್ಷದ ಮೇಲೆ ಹಾಲವ್ವ ಮತ್ತೆ ಬಸುರಾದಳು. ಅಡಿವೆವ್ವ ಕರೆತರಲು ಮಾಸೂರಿಗೆ ಹೋದಳು. ಮಗಳು ರೊಟ್ಟಿ ನೀಡಿದಳು. ತಲೆ ಎತ್ತದೆ, "ಇಲ್ಲೇ ಒಬ್ಬಾಕಿ ಸೂಲಗಿತ್ತಿ ಅದಾಳ ಬೇ," ಎಂದಳು.

ಅಡಿವೆವ್ವ ನೀಡಿದ್ದನ್ನು ಬಿಡದೆ ಉಂಡು, ಕೈ ತೊಳೆದು, ಒಬ್ಬಳೇ ಹಾನಗಲ್ಲಿಗೆ ತಿರುಗಿದಳು.